ಹಾಳೂರ ಮಣ್ಣು

"ಇಲ್ಲಿ ಯಾರು ಮಲಗಿದ್ರು?" ಎಂದು ರಾಜಾಬೀ ಕೇಳಿದಳು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಬೆಳಗಿನ ನಮಾಜು ಮುಗಿಸಿ ಕಸ ಗುಡಿಸಲೆಂದು ಒಳಗೆ ಬಂದಿದ್ದಳು. ಅಕ್ಕಿಯ ಚೀಲವನ್ನು ಗೋಡೆಯ ಕಡೆ ಸರಿಸುವಾಗ ಅಂಗೈ ನೆಲಕ್ಕೆ ತಾಗಿತ್ತು. ಸುತ್ತಲಿನ ಮಣ್ಣೆಲ್ಲ ಹಿಂಡದ ಅರಿವೆಯಂತೆ ತಣ್ಣಗಿತ್ತು. ಅಷ್ಟು ಜಾಗ ಮಾತ್ರ, ಒಂದು ಮೊರದಗಲ, ಯಾರೋ ಆಗಷ್ಟೇ ಮಗ್ಗುಲು ಬಿಟ್ಟು ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು. ಬಗ್ಗಿ ಮತ್ತೊಮ್ಮೆ ಮುಟ್ಟಿ ನೋಡಿದಳು. ಕಿಟಕಿಯ ಬಾಯಿಗೆ ಹೊಲಿದು ಕಟ್ಟಿದ್ದ ಸಿಮೆಂಟಿನ ಚೀಲ ಒಮ್ಮೆ ಉಬ್ಬಿ ಒಳಗೆ ಬಂತು, ಮತ್ತೆ ಹೊರಗೆ ಹೋಯಿತು.

"ಏನ್ರೀ, ಒಂದೀಟು ಒಳಗ ಬರ್ರಿ."

ಅಮೀನ್‌ಸಾಬ್ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಬಂದ. ಕುಕ್ಕರಗಾಲಲ್ಲಿ ಕೂತು, ಜ್ವರ ನೋಡುವವರಂತೆ ಕೈಯ ಹಿಂಬದಿ ಇಟ್ಟ.

"ಬೆಚ್ಚಗೈತಿ, ಹೌದು."

"ಬೆಚ್ಚಗಿರೂದು ನನಗೂ ಗೊತ್ತಾಗೇತಿ. ಯಾಕೈತಿ ಅಂತ ಕೇಳಾಕತ್ತೀನಿ."

"ಮಣ್ಣಾಗ ರೈಸ್ ಮಿಲ್ಲಿನ ಬೂದಿ ಕೂಡಿರಬೇಕು. ಹೊಟ್ಟಿನ ಬೂದಿ ಲಗೂನ ಆರಂಗಿಲ್ಲ."

"ಮಣ್ಣು ತುಂಬಿಸಿ ನಾಕು ತಿಂಗಳಾತು."

"ಹಂಗಾದ್ರ ನಿನ್ನ ಸಿಟ್ಟ ನೆಲಕ್ಕ ಇಳದೈತಿ ತಗೋ," ಎಂದು ಅವನು ಎದ್ದು ಹೋದ.

ಗೊರೇಬಾಳದ ಈ ಮನೆಗೆ ಅವರು ಬಂದು ಆರು ದಿನವಾಗಿತ್ತು. ಮನೆ ಎಂದರೆ ಸಿಮೆಂಟಿನ ಗಿಲಾಯಿ ಕಾಣದ ಇಟ್ಟಿಗೆಯ ಗೋಡೆ, ಮೇಲೆ ಸ್ಲ್ಯಾಬು, ಬಾಗಿಲ ಜಾಗದಲ್ಲಿ ಒಂದು ತಗಡು. ಗೌಂಡಿ ಯಂಕೋಬ ಭತ್ತದ ಸುಗ್ಗಿ ಮುಗಿಯಲಿ ಎಂದು ತನ್ನ ಹೊಲಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಸಿಂಧನೂರಿನ ಬಾಡಿಗೆ ಮನೆಯವರು ಮಗನ ಮದುವೆಗೆ ಮನೆ ಬಿಟ್ಟುಕೊಡಿ ಎಂದಿದ್ದರು. ಬಾಗಿಲು ಕೂತ ಮೇಲೆ ಹಾಲು ಉಕ್ಕಿಸಿ, ಫಾತಿಹಾ ಓದಿಸಿ, ನಾಲ್ಕು ಮಂದಿಗೆ ಊಟ ಹಾಕೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಅಲ್ಲಿಯವರೆಗೆ ಅಡುಗೆ ಪಡಸಾಲೆಯಲ್ಲಿ, ಗ್ಯಾಸಿನ ಮೇಲೆ.

ಕಪ್ಪು ಮಣ್ಣಿನ ನೆಲದ ಮೇಲೆ ಮನೆ ಕಟ್ಟುವವರು ಬುನಾದಿಯೊಳಗೆ ಕಲ್ಲುಹರಳಿನ ಗರಸು ತುಂಬುತ್ತಾರೆ. ಈ ಸಲ ಗರಸು ಸಿಗಲಿಲ್ಲ. ಟ್ರ್ಯಾಕ್ಟರಿನವನು ಮಸ್ಕಿ ದಾರಿಯ ಹಾಳೂರು ದಿಬ್ಬದಿಂದ ಹನ್ನೆರಡು ಟ್ರೇಲರ್ ಮಣ್ಣು ತಂದು ಸುರಿದಿದ್ದ. ಹೊಲಕ್ಕೆ ಗೊಬ್ಬರವೆಂದು ಆ ಬೂದುಬಣ್ಣದ ಮಣ್ಣನ್ನು ಎಲ್ಲರೂ ಒಯ್ಯುತ್ತಾರೆ, ಮಾಳಿಗೆಗೆ ಹಾಕುತ್ತಾರೆ, ಬುನಾದಿಗೆ ಮಾತ್ರ ಯಾರೂ ಹಾಕಿದ್ದಿಲ್ಲ. ಆ ಊರು ಯಾವ ಕಾಲಕ್ಕೆ ಹಾಳಾಯಿತು, ಅದರ ಹೆಸರೇನು ಎಂಬುದು ಯಾರಿಗೂ ನೆನಪಿಲ್ಲ. ಬಂದಾಗಿನಿಂದ ರಾಜಾಬೀ ಕಸ ಗುಡಿಸಿದಾಗಲೆಲ್ಲ ಒಂದೆರಡು ಬಳೆಚೂರು, ಗಡಿಗೆಯ ಬೋಕಿ, ಒಮ್ಮೆ ತೂತು ಬಿದ್ದ ಒಂದು ಕೆಂಪು ಮಣಿ ಸಿಕ್ಕಿದ್ದವು. ಗಾಜಿನ ಚೂರು ಕೂಸಿನ ಕಾಲಿಗೆ ಚುಚ್ಚೀತು ಎಂದು ಆರಿಸಿ ಹೊರಗೆ ಎಸೆದಿದ್ದಳು. ಕೂಸು ಇನ್ನೂ ಹುಟ್ಟಿರಲಿಲ್ಲ.

ಮಗಳು ಅತೀಯಾ ಶುಕ್ರವಾರ ಲಿಂಗಸುಗೂರಿನಿಂದ ಬರುವವಳಿದ್ದಳು. ಇದು ಅವಳ ಎರಡನೆಯ ಹೆರಿಗೆ. ಮೊದಲನೆಯದು ಹೋದ ವರ್ಷ ಇದೇ ದಿನಗಳಲ್ಲಿ ಗಂಡ ನಿಯಾಜ್‌ನ ತಗಡಿನ ಮನೆಯಲ್ಲಾಗಿತ್ತು. ಇಪ್ಪತ್ತೊಂದು ದಿನದ ಕೂಸು. ಒಂದು ಮುಂಜಾನೆ ಎತ್ತಿಕೊಂಡಾಗ ತಣ್ಣಗಿತ್ತು. ಡಾಕ್ಟರರು ಥಂಡಿ ಎಂದರು. ಅಮೀನ್‌ಸಾಬ್ ಪಿಂಜಾರ. ಚಳಿಗಾಲ ಬಂತೆಂದರೆ ಅರ್ಧ ಸಿಂಧನೂರಿಗೆ ಗಾದಿ ತುಂಬಿಕೊಡುವ ಮನುಷ್ಯ. ಸುದ್ದಿ ಬಂದ ದಿನ ಅವನು ಹತ್ತಿಯ ಮಧ್ಯೆ ಕೂತಿದ್ದ, ಸಂಜೆಯವರೆಗೂ ಏಳಲಿಲ್ಲ. ಈ ಸಲ ಬಾಣಂತನ ನನ್ನ ಮನೆಯಲ್ಲೇ ಎಂದು ರಾಜಾಬೀ ಬೀಗರಿಗೆ ಹೇಳಿ ಕಳಿಸಿದ್ದಳು. ಒಳಕೋಣೆಯ ಸಂದುಗೊಂದುಗಳಿಗೆಲ್ಲ ಸೆಗಣಿ ಮಣ್ಣು ಮೆತ್ತಿದ್ದಳು. ಎಷ್ಟು ಮೆತ್ತಿದರೂ ಹಸಿ ಗೋಡೆ ಥಂಡಿಯನ್ನು ಬಿಡುತ್ತಲೇ ಇತ್ತು.

ಹೀಗಾಗಿ, ನೆಲ ಬೆಚ್ಚಗಿದ್ದುದಕ್ಕೆ ಅವಳು ಹೆದರಿದ್ದು ಅದೊಂದು ಮುಂಜಾನೆ ಮಾತ್ರ. ಎರಡನೆಯ ದಿನ ಮುಟ್ಟಿ ನೋಡಿದಳು. ಮೂರನೆಯ ದಿನ ಅಲ್ಲೇ ಜಾನಮಾಜು ಹಾಸಿ ನಮಾಜು ಮಾಡಿದಳು. ಮೊಣಕಾಲಿನ ನೋವು ಇಳಿದಂತಾಯಿತು. ಅಲ್ಲಾಹ್ ಕೊಟ್ಟಿದ್ದನ್ನು ಯಾಕೆ ಕೊಟ್ಟೆ ಎಂದು ಕೇಳುವವಳು ನಾನ್ಯಾರು ಎಂದುಕೊಂಡಳು.

*

ಹೆರಿಗೆ ಸಿಂಧನೂರಿನ ದವಾಖಾನೆಯಲ್ಲಿ ಸಲೀಸಾಗಿ ಆಯಿತು. ಗಂಡು ಕೂಸು. ಮೂರನೆಯ ದಿನ ಮನೆಗೆ ಕರೆತಂದರು. ಆ ಹೊತ್ತಿಗೆ ಗದ್ದೆಗಳಲ್ಲಿ ಕೊಯ್ಲು ಮುಗಿದು, ಕಾಲುವೆಯ ಮೇಲಿಂದ ಬರುವ ಗಾಳಿಗೆ ಹಲ್ಲು ಬಂದಿತ್ತು.

ಅಮೀನ್‌ಸಾಬ್ ಮೊಮ್ಮಗನಿಗೆಂದು ಅಂಗೈಯಿಂದಲೇ ಹಿಂಜಿದ ಹತ್ತಿಯ ಪುಟ್ಟ ಗಾದಿ ಹೊಲಿದಿದ್ದ. ಮಂಚದ ಮೇಲೆ ಅದರಲ್ಲಿ ಮಲಗಿಸಿದರೆ ಕೂಸು ಒಂದೇ ಸಮ ಅಳುತ್ತಿತ್ತು.

"ನಿಮ್ಮ ಗಾದಿ ಚುಚ್ಚತೈತೇನ್ರಿ ಅದಕ್ಕ?" ಎಂದಳು ರಾಜಾಬೀ.

"ತಹಶೀಲ್ದಾರರ ಮನ್ಯಾಗ ನನ್ನ ಗಾದಿ ಮ್ಯಾಲ ಮಲಗತಾರ. ಇವನೊಬ್ಬ ಸಾಹೇಬ ಬಂದಾನ."

ನೆಲದ ಆ ಜಾಗದಲ್ಲಿ ಮಲಗಿಸಿದ ಕೂಡಲೇ ಕೂಸು ಸುಮ್ಮನಾಯಿತು. ಮುಷ್ಟಿ ಬಿಚ್ಚಿ ನಿದ್ದೆ ಹೋಯಿತು. ಅತೀಯಾ ಮಂಚದಿಂದಿಳಿದು ಅದರ ಮಗ್ಗುಲಲ್ಲೇ ಹಾಸಿಕೊಂಡಳು. ತಾಯಿ ಮಗು ಇಬ್ಬರ ಮುಖಕ್ಕೂ ಎರಡು ದಿನಗಳಲ್ಲಿ ಬಣ್ಣ ಬಂತು. ಅಕ್ಕಪಕ್ಕದ ಮನೆಗಳಲ್ಲಿ ಕೂಸುಗಳಿಗೆ ನೆಗಡಿ, ಕೆಮ್ಮು. ಇಲ್ಲಿ ಒಂದು ಸೀನೂ ಇಲ್ಲ. ಆರನೆಯ ದಿನದ ಛಟ್ಟಿಗೆ ಬಂದ ಹೆಂಗಸರು "ಯಾ ಒಲಿ ಇಟ್ಟೀರಬೇ ಒಳಗ, ಎಷ್ಟು ಬೆಚ್ಚಗೈತಿ" ಎಂದು ಸುತ್ತ ನೋಡಿದರು. ರಾಜಾಬೀ ನಕ್ಕು ಸಕ್ಕರೆ ಹಂಚಿದಳು.

ಹತ್ತನೆಯ ದಿನದ ಮುಂಜಾನೆ ಅವಳು ಪಡಸಾಲೆಯಲ್ಲಿ ತಸಬಿ ಎಣಿಸುತ್ತ ಕೂತಾಗ ಒಳಗೆ ಮಗಳು ಮೆಲ್ಲಗೆ ಹಾಡುವುದು ಕೇಳಿಸಿತು. ಬೆರಳು ನಿಂತಿತು. ರಾಜಾಬೀಯ ಅಜ್ಜಿ ಮೊಹರಮ್ಮಿನ ರಿವಾಯತ್ ಪದಗಳನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದವಳು. ಓದು ಬರಹ ಇರಲಿಲ್ಲ, ಎಲ್ಲ ಕಿವಿಯಿಂದ ಬಾಯಿಗೆ. ಈ ಸೀಮೆಯಲ್ಲಿ ಬೀಸುವಾಗ, ತೂಗುವಾಗ ಹೇಳುವ ಪದಗಳಲ್ಲಿ ರಾಜಾಬೀಯ ಕಿವಿಗೆ ಬೀಳದ್ದು ಇರಲಿಲ್ಲ. ಇದು ಬಿದ್ದಿರಲಿಲ್ಲ.

ಬೂದಿಯ ಒಳಗೊಂದು ಕೆಂಡ ಮುಚ್ಚಿಟ್ಟೀನಿ
ಹೋದ ಕೂಸೆನ್ನ ಬರಲೆಂದು, ಒಲಿಯಾಗ
ಊದೀನಿ ಉಸಿರ ಆರದ್ಹಾಂಗ

"ಈ ಪದ ಯಾರು ಕಲಿಸ್ಯಾರ ನಿನಗ?" ರಾಜಾಬೀ ಬಾಗಿಲ ಸಂದಿಯಲ್ಲಿ ನಿಂತು ಕೇಳಿದಳು.

"ನೀನ ಹೇಳ್ತೀಯಲ್ಲ ದಿನಾ, ಹೊತ್ತು ಮೂಡೂ ಮುಂದ."

"ನಾ ಎಲ್ಲಿ ಹೇಳ್ತೀನಿ? ಆ ಹೊತ್ತಿಗೆ ನಾ ನಮಾಜಿನ್ಯಾಗ ಇರ್ತೀನಿ."

ಅತೀಯಾ ತಲೆ ಎತ್ತಿ ಅವ್ವನನ್ನು ನೋಡಿದಳು. ಹೆದರಿದಂತೆ ಕಾಣಲಿಲ್ಲ. ಏನೋ ಲೆಕ್ಕ ಕೂಡಿದವಳಂತೆ "ಹಂಗೇನು" ಎಂದಳು, ಕೂಸಿನ ಕಡೆ ತಿರುಗಿದಳು.

*

ಬಾಣಂತಿಗೆ ನೀರು ಹಾಕಲು ಬರುತ್ತಿದ್ದವಳು ಹಿಂದಿನ ಓಣಿಯ ಮಾರೆಮ್ಮ. ಎಪ್ಪತ್ತು ದಾಟಿದರೂ ತೋಳಲ್ಲಿ ಕಸುವಿತ್ತು. ಹಿತ್ತಲಿನ ಮರೆಯಲ್ಲಿ ಅತೀಯಾಳಿಗೆ ಕುದಿಯುವ ನೀರು ಸುರಿದು, ಮೈ ಒರೆಸಿ ಒಳಗೆ ಕಳಿಸಿದರೆ ಅವಳ ಕೆಲಸ ಮುಗಿಯಿತು. ಲೋಬಾನದ ಹೊಗೆ ಹಾಕುವುದು ರಾಜಾಬೀಯದು. ಹನ್ನೆರಡನೆಯ ದಿನ ರಾಜಾಬೀಯ ಕೈ ಹಿಟ್ಟಿನಲ್ಲಿತ್ತು.

"ತಾ ಇಲ್ಲಿ, ನಾನ ಒಯ್ತೀನಿ. ನಿನ್ನ ಕೈ ತೊಳಿಯೂದ್ರಾಗ ಕೂಸಿಗೆ ಮೀಸಿ ಬರ್ತಾವ," ಎಂದು ಮಾರೆಮ್ಮ ಕೆಂಡದ ತಟ್ಟೆ ಹಿಡಿದು ಒಳಗೆ ಹೋದಳು.

ಹೋದಷ್ಟೇ ಬೇಗ ಹೊರಗೆ ಬಂದಳು. ತಟ್ಟೆಯನ್ನು ನೆಲಕ್ಕಿಟ್ಟು, ತನ್ನ ಬರಿಗಾಲನ್ನು ಎತ್ತಿ ಹಿಮ್ಮಡಿ ನೋಡಿಕೊಂಡಳು.

"ರಾಜಮ್ಮ, ಈ ಮಣ್ಣು ಎಲ್ಲಿದು?"

ರಾಜಾಬೀ ಹೇಳಿದಳು.

"ಹಾಲು ಉಕ್ಕಿಸೀರೇನು ಮನ್ಯಾಗ?"

"ಬಾಗಲಾ ಕೂಡ್ಲಿ ಅಂತ ತಡದೀವಿ."

"ತಡಿಬಾರದಿತ್ತು." ಮಾರೆಮ್ಮ ಕೂತಳು. ದನಿ ಇಳಿಸಿದಳು. "ಹೊಸ ಮನ್ಯಾಗ ಮೊದಲನೇ ಒಲಿ ಯಾರು ಹಚ್ಚತಾರ, ಮನಿ ಅವರದು. ನೀ ಹಚ್ಚಲಿಲ್ಲ. ನಿನಗಿಂತ ಮೊದಲ ಹಚ್ಚ್ಯಾರ."

"ಯಾರು?"

"ನಮ್ಮವ್ವ ಹೇಳ್ತಿದ್ದಳು. ಆ ಊರಿಗೆ ಜಾಡ್ಯ ಬಂದಾಗ ಮಂದಿ ಒಂದ ಹೊತ್ತಿನ್ಯಾಗ ಗಂಟುಮೂಟಿ ಕಟ್ಟಿಕೊಂಡು ಹೋದರಂತ. ಒಬ್ಬಾಕಿ ಹಸಿ ಬಾಣಂತಿ ಇದ್ದಳು, ಆಕಿ ಕೂಸು ಜಾಡ್ಯಕ್ಕ ಹೋಗಿತ್ತು. ಬಾಣಂತಿ ಹೊಸ್ತಿಲ ದಾಟಬಾರದಲ್ಲ, ದಾಟಿದ್ರ ಸೂತಕ, ದಾಟಿದ್ರ ಗಾಳಿ. ಒಂದು ಹೊರಿ ಕಟಗಿ ಇಟ್ಟು, ಒಲಿ ಆರಿಸಬ್ಯಾಡ, ದಿನ ತುಂಬಿದ ಮ್ಯಾಲ ಬಂದು ಕರಕೊಂಡು ಹೋಗ್ತೀವಿ ಅಂತ ಹೇಳಿ ಹೋದರಂತ."

ರಾಜಾಬೀ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ಕೂತಿದ್ದಳು.

"ಬಂದ್ರೇನು?"

"ಯಾರ ಬರ್ತಾರ," ಎಂದಳು ಮಾರೆಮ್ಮ. ಮರುದಿನದಿಂದ ಅವಳು ಹಿತ್ತಲಲ್ಲೇ ನಿಂತು ನೀರು ಹಾಕಿದಳು, ಒಳಗೆ ಕಾಲಿಡಲಿಲ್ಲ.

ಅಮೀನ್‌ಸಾಬ್ ಈ ಮಾತು ಕೇಳಿ ಮೊದಲು ನಕ್ಕ. "ಮುದುಕಿಗೆ ಬಾಯಿ ತುರಸ್ತೈತಿ." ಆದರೆ ಅದರ ಮರುದಿನ, ಅತೀಯಾ ಕೂಸಿನೊಂದಿಗೆ ಹಿತ್ತಲಲ್ಲಿದ್ದಾಗ, ಅವನೇ ಹಾಸಿಗೆ ಮಡಿಚಿ ಇಟ್ಟು, ಸಲಿಕೆ ತಂದ. ಮಿಲ್ಲಿನ ಬೂದಿ ಇದ್ದರೆ ತೆಗೆದು ಎಸೆದರಾಯಿತು, ಹೆಂಗಸರ ಸಂಶಯ ತೀರುತ್ತದೆ ಎಂದ. ಮಗಳು ಬಂದಾಳೆಂದು ರಾಜಾಬೀ ಬಾಗಿಲಿಗೆ ಅಡ್ಡ ನಿಂತಳು.

ಗೇಣು ಮಣ್ಣು ತೆಗೆದಾಗ ಬೂದಿಯಲ್ಲ, ಕಲ್ಲು ಸಿಕ್ಕಿತು. ಅವನು ಕೈಯಿಂದ ಮಣ್ಣು ಬಳಿದ. ಕಲ್ಲಿನ ಪಕ್ಕ ಇನ್ನೊಂದು, ಅವೆರಡಕ್ಕೆ ಎದುರಾಗಿ ಮತ್ತೊಂದು. ಒಲೆಗುಂಡುಗಳು. ಮೂರೂ ಒಂದೇ ಎತ್ತರಕ್ಕೆ ಕೂತಿದ್ದವು. ಒಳಮೈಗೆ ಮಸಿ ಹಿಡಿದಿತ್ತು. ಬೆರಳು ತಾಗಿಸಿದ ಅಮೀನ್‌ಸಾಬ್ ಚುರ್ ಎಂದು ಹಿಂದೆಳೆದುಕೊಂಡು, ಮಸಿಯನ್ನು ಅಂಗಿಗೆ ಒರೆಸಿದ. ಮಸಿ ಹಸಿಯಾಗಿತ್ತು.

ಅವನು ಮೂರೂ ಕಲ್ಲುಗಳ ಸುತ್ತ ಮಣ್ಣು ಕೆದರಿ ನೋಡಿದ.

"ಟ್ರೇಲರ್ ಎತ್ತಿ ಸುರುವಿದ ಮಣ್ಣಿದು," ಎಂದ ಕೊನೆಗೆ. "ನನ್ನ ಕಣ್ಣ ಮುಂದ ಸುರುವ್ಯಾರ. ಯಂಕೋಬ ದಮ್ಮಸು ಬಡದಾನ. ಸುರುವಿದ ಮಣ್ಣಾಗ ಮೂರು ಕಲ್ಲು ಹಿಂಗ ಹ್ಯಾಂಗ ಕೂಡ್ತಾವ?"

ಹಿತ್ತಲಿನಿಂದ ನೀರು ಸುರಿಯುವ ಸದ್ದು ನಿಂತಿತು. ಅವನು ಗಡಬಡಿಸಿ ಮಣ್ಣು ಎಳೆಯಲು ಹೋದ. ಅಷ್ಟರಲ್ಲಿ ಅತೀಯಾ, ಹಸಿ ತಲೆಗೆ ಬಟ್ಟೆ ಸುತ್ತಿಕೊಂಡು, ಕೂಸನ್ನು ಎದೆಗೆ ಒತ್ತಿಕೊಂಡು ಬಾಗಿಲಿಗೆ ಬಂದು ನಿಂತಿದ್ದಳು.

"ಮುಚ್ಚಬ್ಯಾಡ್ರಿ, ಅಬ್ಬಾ," ಎಂದಳು.

*

ಮುದಗಲ್‌ನಲ್ಲಿ ರಾಜಾಬೀಯ ತಂಗಿ ದಾವಲ್‌ಬೀ ಇದ್ದಳು. ಕೋಟೆಯ ಒಳಗಿನ ಹಳೆಯ ಮನೆ, ಮೊಳದಗಲದ ಗೋಡೆ, ಬಾಗಿಲು ಕಿಟಕಿ ಎಲ್ಲ ಇದ್ದ ಮನೆ. ಫೋನು ಮಾಡಿದರೆ "ಕೇಳೂದೇನೈತಿ, ಬರ್ರಿ" ಎಂದಳು. ಚಿಲ್ಲಾ ತುಂಬುವ ಮೊದಲು, ನಲವತ್ತರಲ್ಲಿ ಹದಿನಾಲ್ಕೇ ದಿನಕ್ಕೆ ಬಾಣಂತಿಯನ್ನು ಹೊಸ್ತಿಲು ದಾಟಿಸುವುದು ರಾಜಾಬೀ ಕನಸಿನಲ್ಲೂ ಮಾಡದ ಕೆಲಸ. ಆದರೂ ಅಂದೇ ಮಧ್ಯಾಹ್ನ ಆಟೋ ಕರೆಸಿದಳು. ಅದರ ಎರಡೂ ಬದಿಗೆ ಗಾದಿಗಳನ್ನು ನಿಲ್ಲಿಸಿ ಹಗ್ಗ ಕಟ್ಟಿಸಿದಳು, ಒಂದೆಳೆ ಗಾಳಿ ನುಗ್ಗದಂತೆ. ಅಮೀನ್‌ಸಾಬ್ ಗಂಟುಗಳನ್ನು ಹೊತ್ತು ಹಾಕಿ ಆಟೋದ ಹತ್ತಿರವೇ ನಿಂತ. ಒಳಗೆ ಬರಲಿಲ್ಲ.

ರಾಜಾಬೀ ಒಳಕೋಣೆಗೆ ಹೋದಳು. ಅತೀಯಾ ಅಗೆದ ಕುಣಿಗೆ ಮುಖಮಾಡಿ ಕೂತಿದ್ದಳು. ಕೂಸು ಮಡಿಲಲ್ಲಿತ್ತು, ಅದರ ಅಂಗಾಲುಗಳು ಮೂರು ಕಲ್ಲುಗಳ ಕಡೆ. ಕಲ್ಲುಗಳ ನಡುವೆ ಒಂದೆರಡು ಒಣ ಪುಳ್ಳೆ ಇದ್ದವು. ತಾನು ಇಟ್ಟಿದ್ದಲ್ಲ, ಮಗಳು ಇಡಲು ಎದ್ದಿದ್ದನ್ನೂ ನೋಡಿರಲಿಲ್ಲ.

"ಏಳವಾ. ಆಟೋ ಬಂದೈತಿ."

"ಹೊರಗ ಥಂಡಿ ಐತಿ."

"ಗಾದಿ ಕಟ್ಟಿಸೀನಿ. ಕೋಟೆ ಮನಿ ಬೆಚ್ಚಗೈತಿ, ಚಿಕ್ಕಮ್ಮ ಕೆಂಡದ ಶಗಡಿ ಹಚ್ಚಿ ಕುಂತಾಳ."

"ಹೋದ ಸಲಾನೂ ಹಿಂಗ ಅಂದಿದ್ರು. ಶಗಡಿ ಐತಿ, ಬೆಚ್ಚಗೈತಿ ಅಂತ." ಅತೀಯಾಳ ದನಿಯಲ್ಲಿ ದೂರು ಇರಲಿಲ್ಲ. "ಇಲ್ಲಿ ಆರಂಗಿಲ್ಲವ್ವ. ಇಷ್ಟು ದಿನಾ ಆರಿಲ್ಲ."

"ಅದು ನಮ್ಮ ಒಲಿ ಅಲ್ಲ."

"ಗೊತ್ತೈತಿ."

"ಆ ಒಲಿ ಹಚ್ಚಿದ ಬಾಣಂತಿ ಯಾರನ್ನ ಕಾಯಾಕತ್ತಾಳ ಅಂತ ಗೊತ್ತೈತೇನು ನಿನಗ?"

ಅತೀಯಾ ಕೂಸಿನ ಟೊಪ್ಪಿಗೆ ಸರಿಮಾಡಿದಳು. ಕೂಸು ನಿದ್ದೆಯಲ್ಲೇ ಬಾಯಿ ಚಪ್ಪರಿಸಿತು. ಅದರ ಕೆನ್ನೆ ಒಲೆಯ ಮುಂದೆ ಕೂತವರ ಕೆನ್ನೆಯಂತೆ ಒಂದೇ ಮಗ್ಗುಲಿಗೆ ಕೆಂಪಾಗಿತ್ತು. ಹೊರಗೆ ಆಟೋದವನು ಎಂಜಿನ್ ಚಾಲೂ ಮಾಡಿ, ಮತ್ತೆ ಬಂದ್ ಮಾಡಿದ.

ರಾಜಾಬೀ ಬಾಯಿಗೆ ಬಂದ ಆಯತ್ತುಗಳನ್ನು ಹೇಳಿಕೊಳ್ಳುತ್ತ ಮಗಳ ಎದುರು ಕೂತಳು. ಕುಣಿಯ ಈ ಕಡೆ ಅವಳು, ಆ ಕಡೆ ಅವರಿಬ್ಬರು. ಎರಡೂ ಕೈ ಮುಂದೆ ಚಾಚಿದಳು. ಬಿಸಿ ಮುಂಗೈಗೆ ತಾಗಿತು. ಕೈ ಹಿಂದೆ ತೆಗೆಯಲಿಲ್ಲ.

"ನೀ ಇರೂದಾದ್ರ ಇರು. ನಾನೂ ನಿನ್ನ ಕೂಡ ಇಲ್ಲೇ ಇರ್ತೀನಿ. ಕೂಸನ್ನಷ್ಟ ಕೊಡು, ಅತೀಯಾ. ನಿಮ್ಮಪ್ಪ ಎದಿಗೆ ಕಟ್ಟಿಕೊಂಡು ಒಯ್ತಾನ. ನಿನ್ನ ಕಾಲಿಗೆ ಬೀಳ್ತೀನಿ, ಕೂಸನ್ನ ಕೊಡು."

ಅತೀಯಾ ಸೆರಗನ್ನು ಕೂಸಿನ ಮೇಲೆ ಎಳೆದುಕೊಂಡಳು. ಉಂಡವರು ಇನ್ನೊಂದು ರೊಟ್ಟಿ ಬೇಡ ಎನ್ನುವಷ್ಟೇ ಮೆಲ್ಲಗೆ ಹೇಳಿದಳು.

"ಕೊಡಂಗಿಲ್ಲ."