ಸರ್ಜಾನ ಪೀಳಿಗೆ

ನಾಗಣ್ಣನ ಮನೆಯಲ್ಲಿ ಎರಡು ಬಗೆಯ ಜೀವಗಳಿಗೆ ಜಾಗ ಇತ್ತು. ಅಂಗಳದ ಕೊಟ್ಟಿಗೆಯಲ್ಲಿ ದೇವಣಿ ತಳಿಯ ದನ, ಹಿಂದೆ ಮೇವಿನ ಕಣಿಕೆ ತುಂಬುತ್ತಿದ್ದ ಕೋಣೆಯಲ್ಲಿ ಹಾವು. ದನಗಳು ಅಜ್ಜನ ಕಾಲದಿಂದ ಬಂದವು. ಹಾವುಗಳು ಮಗಳು ಶೀತಲ ತಂದವು. ಆಕೆಗೆ ಉದಗೀರದಲ್ಲಿ ಬಣ್ಣದ ಮೀನು ಮಾರುವ ಅಂಗಡಿ ಇತ್ತು. ಮೀನಿನ ಗಿರಾಕಿಗಳು ಹಾವನ್ನೂ ಕೇಳತೊಡಗಿದಾಗ ಆಕೆ ಅದಕ್ಕೂ ಕೈ ಹಾಕಿದಳು. ನಮ್ಮ ನೆಲದ ಹಾವನ್ನು ಮನೆಯಲ್ಲಿಟ್ಟರೆ ಜೈಲು. ಇವು ಅಮೆರಿಕೆಯವು, ವಿಷವಿಲ್ಲದವು, ಒಂದೊಂದನ್ನೂ ಸರ್ಕಾರದಲ್ಲಿ ದಾಖಲು ಮಾಡಿಸಿದವು. ಇದನ್ನೆಲ್ಲ ಊರಿಗೆ ಬಿಡಿಸಿ ಹೇಳಿ ಹೇಳಿ ನಾಗಣ್ಣನ ಬಾಯಿ ಸೋತಿತ್ತು. ಬೀರಪ್ಪ ದೇವರ ಒಕ್ಕಲಿನವರು ಕುರಿ ಕಾಯಲಿ, ದನ ಕಾಯಲಿ, ಹಾವು ಕಾಯುವುದು ಯಾವ ಶಾಸ್ತ್ರ ಎಂದು ಕೇಳದವರಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ನನ್ನ ಮಗಳಿಗೆ ಹಾವು ಮುದ್ದು ಎಂದು ನಕ್ಕು ಅವನು ಮುಂದೆ ಹೋಗುತ್ತಿದ್ದ.

ಅವನ ಚಿಂತೆ ಬೇರೆಯೇ ಇತ್ತು. ಚರ್ಮಗಂಟು ರೋಗ ಊರೂರು ಸುತ್ತಿದ ವರ್ಷ ಅವನ ಹೋರಿ ಸರ್ಜಾ ಸತ್ತಿತು. ಸರ್ಜಾನ ಕರುಗಳು ವಲಾಂಡಿಯಿಂದ ಮುರುಮದ ತನಕ ಹಳ್ಳಿ ಹಳ್ಳಿಗಳಲ್ಲಿ ಇದ್ದವು. ಆದರೆ ಗಂಡು ಕರುಗಳನ್ನೆಲ್ಲ ಜನ ಬೀಜ ಒಡೆಸಿ ಎತ್ತು ಮಾಡಿ ನೊಗಕ್ಕೆ ಹೂಡಿದ್ದರು. ಸಾಯುವುದಕ್ಕೆ ತುಸು ಮುಂಚೆ ಒಂದು ಬೆಳಿಗ್ಗೆ ಸರ್ಜಾನನ್ನು ಮನೆಯದೇ ಆಕಳು ಚಂದ್ರಿಗೆ ಬಿಟ್ಟಿದ್ದರು. ಅದೇ ಮಧ್ಯಾಹ್ನ ಚಂದ್ರಿ ಹಗ್ಗ ಹರಿದುಕೊಂಡು ಪಕ್ಕದ ಖಂಡೆಪ್ಪನ ಕಬ್ಬಿನ ಹೊಲಕ್ಕೆ ಓಡಿತು. ಅಲ್ಲಿ ಖಂಡೆಪ್ಪನ ಅರ್ಧ ಜರ್ಸಿ ಹೋರಿ ಇತ್ತು. ನಾಗಣ್ಣನ ಹೆಂಡತಿ ಅಂಜನಾಬಾಯಿ ಹೋಗಿ ಆಕಳನ್ನು ಹೊಡೆದುಕೊಂಡು ಬಂದು, ಆ ಹೋರಿ ಚಂದ್ರಿಯನ್ನು ಹಾರಿದ್ದನ್ನು ಕಣ್ಣಾರೆ ಕಂಡೆನೆಂದು ಗಂಡನಿಗೆ ಹೇಳಿದಳು.

"ಮುಂಜಾನಿ ಸರ್ಜಾಂದೇ ಗಬ್ಬ ನಿಂತಿರ್ತದ ತಗೋ," ಎಂದು ನಾಗಣ್ಣ ಆ ಮಾತನ್ನು ಅಲ್ಲಿಗೇ ಮುಗಿಸಿದ.

ಚಂದ್ರಿ ಹೋರಿಗರು ಹಾಕಿತು. ಮೈಯೆಲ್ಲ ಬಿಳಿ, ಮುಖದ ಎರಡೂ ಕಡೆ ಕಪ್ಪು. ಈ ಸೀಮೆಯವರು ಅದಕ್ಕೆ ವಾನೇರಾ ಅನ್ನುತ್ತಾರೆ. ದೇವಣಿ ದನ ಸಾಕುವ ಜನಕ್ಕೆ ಒಂದು ಹಮ್ಮು ಇದೆ. ಮುಖದ ಬಣ್ಣ, ಕಿವಿಯ ಜೋಲು, ಕೊರಳ ಕೆಳಗಿನ ಗಂಗೆದೊಗಲು ನೋಡಿ ದನದ ಕುಲ ಹೇಳಿಬಿಡುತ್ತಾರೆ, ತಪ್ಪಿದರೆ ಮೀಸೆ ಬೋಳಿಸುತ್ತೇನೆ ಅನ್ನುತ್ತಾರೆ. ಈವರೆಗೆ ಯಾರೂ ಬೋಳಿಸಿಕೊಂಡಿಲ್ಲ, ಯಾಕೆಂದರೆ ತಪ್ಪು ಹುಡುಕುವವರೂ ಅವರೇ. ಕರು ನೋಡಲು ಬಂದವರೆಲ್ಲ ಸರ್ಜಾನೇ ತಿರುಗಿ ಹುಟ್ಟಿದ ಅಂದರು. ನಾಗಣ್ಣ ಅದಕ್ಕೆ ಹೀರಾ ಎಂದು ಹೆಸರಿಟ್ಟ, ಬೆಲ್ಲ ತಿನ್ನಿಸಿ ಬೆಳೆಸಿದ. ಆದರೂ ಒಮ್ಮೆ ಪಶು ದವಾಖಾನೆಯ ಡಾಕ್ಟರನ್ನು, ಬೇರೆ ಯಾರದೋ ಕರುವಿನ ಮಾತೆಂಬಂತೆ ಕೇಳಿದ. ಅಪ್ಪ ಯಾರೆಂದು ಗಟ್ಟಿ ಮಾಡಲು ಆ ಹೋರಿಗಳ ರಕ್ತವೂ ಬೇಕು ಅಂದರು ಡಾಕ್ಟರು. ಸರ್ಜಾ ಮಣ್ಣಾಗಿತ್ತು. ಖಂಡೆಪ್ಪ ತನ್ನ ಹೋರಿಯನ್ನು ಸಂತೆಯಲ್ಲಿ ಮಾರಿ, ಅದು ಯಾವ ಊರಿಗೆ ಹೋಯಿತೆಂಬುದನ್ನೂ ಮರೆತಿದ್ದ.

ಶೀತಲಳ ಹತ್ತಿರ ಒಂದು ಬೆರಕೆ ಹೆಣ್ಣು ಹಾವಿತ್ತು. ಅದರ ತಾಯಿ ಕೆಂಪು ಕಲೆಗಳ ಕಾರ್ನ್ ಹಾವು, ತಂದೆ ವಿಷವಿಲ್ಲದಿದ್ದರೂ ಬೇರೆ ಹಾವುಗಳನ್ನೇ ನುಂಗುವ ಕಿಂಗ್ ಹಾವು. ಆ ಬೆರಕೆ ಹೆಣ್ಣನ್ನು ಆಕೆ ಸಾಚಾ ಕಾರ್ನ್ ಗಂಡಿಗೆ ಕೂಡಿಸಿದಳು. ಅದಕ್ಕೂ ಮುಂಚೆ ಮರಿ ಒಯ್ಯುವವರು ಯಾರು, ಅವರ ಮನೆಯಲ್ಲಿ ಗಾಜಿನ ಪೆಟ್ಟಿಗೆ ಇದೆಯೋ ಇಲ್ಲವೋ, ಸರ್ಕಾರದ ಕಾಗದ ಮಾಡಿಸುತ್ತಾರೋ ಇಲ್ಲವೋ, ಎಲ್ಲ ಕೇಳಿ ಬಂದಿದ್ದಳು.

"ತತ್ತಿ ಇಡೂಕಿಂತ ಮೊದಲೇ ಬೀಗರನ ಹುಡುಕ್ತಿ ಏನವ್ವಾ?" ಎಂದು ನಾಗಣ್ಣ ಛೇಡಿಸಿದ.

"ಹುಡುಕಲೇಬೇಕು ಅಪ್ಪಾ. ಸಾಕೂದ ಆಗಂಗಿಲ್ಲಂತ ಯಾರರೆ ಹೊಲಕ್ಕ ಬಿಟ್ಟು ಬಂದ್ರ, ಅದು ನಮ್ಮ ಹಾವುಗೋಳ ಅನ್ನ ಕಸೀತದ."

ಮರಿಗಳು ಹೊರಬಂದವು. ಕೆಲವಕ್ಕೆ ಕಿಂಗ್ ಹಾವಿನ ಪಟ್ಟೆ ಇತ್ತು. ಎರಡು ಮಾತ್ರ ಅಪ್ಪಟ ಕಾರ್ನ್ ಹಾವಿನ ಹಾಗೇ ಇದ್ದವು, ಒಂದು ಕಲೆಯೂ ಆಚೀಚೆ ಇರಲಿಲ್ಲ.

ನಿಲಂಗಾದಿಂದ ನೀಲೇಶ ಎಂಬವನು ಬಂದ. ಹಾವು ಕೊಂಡು ಮಾರುವವನು, ಮಾತಿನಲ್ಲಿ ಬೆಣ್ಣೆ. ಉಳಿದ ಮರಿಗಳನ್ನು ಬಿಟ್ಟು ಆ ಎರಡರ ಮುಂದೆಯೇ ಕೂತ.

"ಶೀತಲಕ್ಕಾ, ಇವೆರಡು ನನಗ ಕೊಡ್ರಿ. ಕಾರ್ನ್ ಅಂತ ಹೇಳಿ ಕೊಡ್ತೀನಿ. ಯಾರ ಕಣ್ಣಿಗೆ ಗೊತ್ತಾಗ್ತದ್ರೀ?"

"ಯಾರ ಕಣ್ಣಿಗೂ ಗೊತ್ತಾಗಂಗಿಲ್ಲ. ಅದಕ್ಕೇ ಕೊಡಂಗಿಲ್ಲ," ಅಂದಳು ಶೀತಲ. "ಪಟ್ಟಿ ಇದ್ದವು ತಾವೇ ಹೇಳ್ತಾವ, ನಾವು ಬೆರಕಿ ಅಂತ. ಅವನ್ನ ಒಯ್ರಿ. ಇವು ಹೇಳಂಗಿಲ್ಲ. ನೀವು ಮಾರಿದವರು ಇವನ್ನ ಸಾಚಾ ಅಂತ ಕೂಡಸ್ತಾರ. ಮುಂದ ಯಾವದೋ ಮರಿಗಿ ಕಿಂಗ್ ಹಾವಿನ ಬುದ್ಧಿ ಬಂದು ಜೋಡೀನೇ ನುಂಗಿದ್ರ, ಅವರು ಯಾರನ ಕೇಳಬೇಕು?"

ನೀಲೇಶ ಎಷ್ಟು ಬೆಣ್ಣೆ ಹಚ್ಚಿದರೂ ಆಕೆ ಜಾರಲಿಲ್ಲ. ಅವನು ಬರಿಗೈಯಲ್ಲಿ ಹೋದ ಮೇಲೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಾಗಣ್ಣ ಬೈದ.

"ನೂಲಿನಂಗ ಸೀರಿ, ತಾಯಿಯಂಗ ಮಗಳು. ರೂಪ ಸಾಚಾ ಇದ್ದಮ್ಯಾಲ ರಕ್ತ ಸಾಚಾ ಇದ್ದಂಗೇ. ನಾ ಜನ್ಮಾ ಪೂರ್ತಿ ದನಾ ನೋಡೀನಿ, ನನಗ ಗೊತ್ತಾಗಂಗಿಲ್ಲೇನು?"

ಶೀತಲ ಒಳಗಿಂದ ಒಂದು ಸಾಚಾ ಕಾರ್ನ್ ಮರಿ ತಂದು, ಬೆರಕೆ ಮರಿಯ ಪಕ್ಕದ ಡಬ್ಬಿಯಲ್ಲಿಟ್ಟಳು. "ಹೇಳ್ರಿ ಅಪ್ಪಾ. ಸಾಚಾ ಯಾವುದು?"

ನಾಗಣ್ಣ ಮೊಳಕಾಲೂರಿ ಕೂತ. ಎರಡನ್ನೂ ಬೆಳಕಿಗೆ ಹಿಡಿದು ನೋಡಿದ, ಹೊಟ್ಟೆ ನೋಡಿದ, ತಲೆ ನೋಡಿದ. ಸಂತೆಯಲ್ಲಿ ಕರುವಿನ ಕುಲ ಹೇಳುವ ಗತ್ತಿನಲ್ಲೇ ಬಲಗಡೆಯದಕ್ಕೆ ಬೆರಳು ಮಾಡಿದ.

"ಅದು ಬೆರಕಿ," ಅಂದಳು ಮಗಳು. ನಗಲೂ ಇಲ್ಲ, ಹಂಗಿಸಲೂ ಇಲ್ಲ. ಚಂದ್ರಿ ಕಬ್ಬಿನ ಹೊಲಕ್ಕೆ ಓಡಿದ ಸಂಗತಿ ಆಕೆಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವನು ಎರಡೂ ಡಬ್ಬಿಗಳ ಮುಚ್ಚಳ ಹಾಕಿ ಎದ್ದು ಕೊಟ್ಟಿಗೆಗೆ ಹೋದ. ಆಮೇಲೆ ಅವನು ಹೀರಾನ ಮೈ ತಿಕ್ಕುವಾಗಲೆಲ್ಲ ಆ ಕಪ್ಪು ಕೆನ್ನೆಗಳನ್ನು ನೋಡುವುದನ್ನೇ ಬಿಟ್ಟ. ಅವನಿಗೆ ಹೆದರಿಕೆಯಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ವಲಾಂಡಿಯ ವೀರಭದ್ರ ತನ್ನ ಆಕಳನ್ನು ಹೊಡೆದುಕೊಂಡು ಬಂದ. ವಿಭೂತಿ ಹಚ್ಚಿದ ಹಿರಿಯ, ಸರ್ಜಾನ ಕಾಲದಿಂದ ಈ ಮನೆಗೆ ನಡೆದುಕೊಂಡವನು. ಆಕಳು ಬೆದೆಗೆ ಬಂದಿತ್ತು. ಹೀರಾನಿಗೆ ಇದು ಮೊದಲ ಆಕಳು. ಅರಿಸಿನ, ತೆಂಗಿನಕಾಯಿ ಬಂದವು, ಓಣಿಯವರೂ ಕೂಡಿದರು. ಈ ಮನೆಯಲ್ಲಿ ಒಂದು ಪದ್ಧತಿ: ಹೋರಿಯನ್ನು ಮೊದಲ ಸಲ ಬಿಡುವಾಗ ಯಜಮಾನ ಅದರ ಇಣಿಯ ಮೇಲೆ, ಹೆಗಲ ಡುಬ್ಬದ ಮೇಲೆ, ಕೈಯಿಟ್ಟು, ಇಂವ ಇಂಥವನ ಮಗ, ಅವನು ಇಂಥವನ ಮಗ ಎಂದು ಪೀಳಿಗೆಯನ್ನು ಮೇಲಿನ ತನಕ ಕೂಗಬೇಕು. ಒಂದೊಂದು ಹೆಸರಿಗೂ ಕೂಡಿದವರು ಹೌದ್ರಿ ಅನ್ನಬೇಕು. ಕಾಗದವಿಲ್ಲ, ಸಹಿಯಿಲ್ಲ. ಆ ಕೂಗನ್ನು ನಂಬಿಯೇ ಜನ ಆಕಳನ್ನು ತರುತ್ತಿದ್ದರು.

ನಾಗಣ್ಣ ಇಣಿಯ ಮೇಲೆ ಕೈಯಿಟ್ಟ.

"ಇಂವ ಹೀರಾ. ಚಂದ್ರೀ ಮಗ."

"ಹೌದ್ರಿ," ಅಂದರು ಎಲ್ಲರೂ.

ಮುಂದಿನ ಹೆಸರು ಬರಲಿಲ್ಲ. ಸರ್ಜಾ ಅನ್ನಲು ಎಷ್ಟು ಹೊತ್ತು ಬೇಕು? ಅಂದಿದ್ದರೆ ಸರ್ಜಾನಿಂದ ಹಿಡಿದು ಅಜ್ಜ ಕಟ್ಟಿದ ಮೊದಲ ಹೋರಿಯ ತನಕ ಎಲ್ಲ ಹೆಸರೂ ತಾವಾಗಿಯೇ ಉರುಳಿ ಬರುತ್ತಿದ್ದವು. ಅನ್ನದಿದ್ದರೆ ಆ ಸಾಲು ಇಲ್ಲಿಗೇ ಮುಗಿಯುತ್ತಿತ್ತು. ಅಂಜನಾಬಾಯಿ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡುತ್ತಿದ್ದಳು.

"ಅಪ್ಪ ಯಾರು ನನಗ ಗೊತ್ತಿಲ್ಲ," ಅಂದ ನಾಗಣ್ಣ. "ಸರ್ಜಾನೂ ಇರಬಹುದು, ಖಂಡೆಪ್ಪನ ಜರ್ಸಿನೂ ಇರಬಹುದು. ವೀರಭದ್ರಪ್ಪಾ, ಆಕಳಾ ವಾಪಸ್ ಹೊಡಕೊಂಡು ಹೋಗ್ರಿ."

ಮೆಚ್ಚುಗೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಕತೆಗಳಲ್ಲಿ ಇಂಥ ಹೊತ್ತಿಗೆ ಯಾರಾದರೂ ಬೆನ್ನು ತಟ್ಟುತ್ತಾರೆ. ವೀರಭದ್ರನಿಗೆ ಸಿಟ್ಟೇ ಬಂತು. "ಇಷ್ಟು ದೂರ ನಡಿಸಿದ ಮ್ಯಾಲ ನೆನಪಾಯ್ತೇನು ನಿನಗ? ಮೊದಲ ಒಯ್ದ ಕರುಗೋಳೂ ಹಿಂಗೇ ಏನು?" ಎಂದು ಚಹಾ ಮುಟ್ಟದೆ ಹೊರಟ. ಊರ ಬಾಯಿಗೆ ಮುಚ್ಚಳವಿಲ್ಲ. ಸಂತೆಯಿಂದ ಸಂತೆಗೆ ಮಾತು ಉಮರ್ಗಾ ಮುಟ್ಟಿತು. ಸರ್ಜಾನ ಹೆಣ್ಣುಕರು ಒಯ್ದವರೆಲ್ಲ ಅವುಗಳ ಕಿವಿ, ಕೊರಳು ಹಿಡಿದು ಹೊಸದಾಗಿ ನೋಡತೊಡಗಿದರು. ಸುಳ್ಳು ಹೇಳಿದ್ದರೆ ಉಳಿಯುತ್ತಿದ್ದ ಹೆಸರು ನಿಜ ಹೇಳಿ ಹೋಯಿತು. ನಾಗಣ್ಣನಿಗೆ ಇದರಿಂದ ಬಹಳ ನೋವಾಯಿತು, ಆದರೆ ಕೇಳಿದವರಿಗೆ ಅದೇ ಮಾತನ್ನು ಹೇಳಿದ.

ಶೀತಲ ಉದಗೀರದಿಂದ ಬಂದು ಎಲ್ಲವನ್ನೂ ಕೇಳಿದಳು. "ಅಪ್ಪಾ, ಹಂಗೇ ಕಟ್ಟಿ ಸಾಕೋಣು. ಯಾವ ಆಕಳಿಗೂ ಬಿಡೂದ ಬ್ಯಾಡ," ಅಂದಳು.

"ನಿನ್ನ ಹಾವು ಪೆಟ್ಟಿಗ್ಯಾಗ ಇರ್ತಾವ ಅವ್ವಾ. ಹೋರಿ ಹಗ್ಗ ಹರೀತದ."

ಡಾಕ್ಟರು ಬೀಜ ಒಡೆಯುವ ಇಕ್ಕಳ ಹಿಡಿದುಕೊಂಡು ಬಂದರು. ಹೀರಾನನ್ನು ಬೇವಿನ ಮರದ ಕೆಳಗೆ ಕೆಡವಿ ಕಾಲು ಕಟ್ಟಿದರು. ತಲೆ ಹಿಡಿಯಲು ಗಟ್ಟಿ ಆಳು ಬೇಕೆಂದು ಡಾಕ್ಟರು ಓಣಿಯವರನ್ನು ಕರೆಯಹೋದರೆ ನಾಗಣ್ಣ ಬೇಡವೆಂದ. ತಾನೇ ಕೂತು, ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿ ಹಿಡಿದ. ಹೀರಾ ಒಮ್ಮೆ ಜೋರಾಗಿ ಒರಲಿತು. ಎದ್ದು ನಿಂತಾಗ ಅದರ ಹಿಂಗಾಲು ನಡುಗುತ್ತಿದ್ದವು.

ಡಾಕ್ಟರು ಹೋದ ಮೇಲೆ ಅಂಜನಾಬಾಯಿ ಗಂಡನಿಗೆ ಕೈತೊಳೆಯಲು ನೀರು ತಂದಳು. ಇಷ್ಟು ದಿನ ಬಾಯಿಬಿಡದಿದ್ದವಳು ಈಗ ಕೇಳಿದಳು.

"ಒಂದ ವ್ಯಾಳೆ ಇಂವ ಸರ್ಜಾನ ಮಗನೇ ಆಗಿದ್ರ?"

ನಾಗಣ್ಣ ತಂಬಿಗೆಯ ನೀರು ಕೈಗೆ ಸುರಿದುಕೊಂಡ.

"ಆಗಿರಬಹುದು," ಅಂದ. "ಅದಕ್ಕೇ ತಲಿ ನಾನೇ ಹಿಡಿದೆ. ಬ್ಯಾರೆಯವರಿಗೆ ಕೊಡಲಿಲ್ಲ."