ಹೆದ್ದಾರಿಯ ಹಾರುವ ತಟ್ಟೆ

ಹೆದ್ದಾರಿ ಪಕ್ಕದ ಹಾರುವ ತಟ್ಟೆಯಂಥ ಹೋಟೆಲನ್ನು ಕೆಡವುತ್ತಾರೆಂದು ತಿಳಿದಾಗ, ಅದರ ನಕ್ಷೆ ಬರೆದ ವಾಸ್ತುಶಿಲ್ಪಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹರೆಯದಲ್ಲಿ ಇಂಥವನ್ನೇ ಕಟ್ಟಿಸಿ ಹೆಸರು ಮಾಡಿದವರು ಅವರು: ರಾಕೆಟ್ಟಿನಂಥ ಕಾಫಿ ಅಂಗಡಿ, ಗಾಜಿನ ಗುಳ್ಳೆಗಳ ರೆಸಾರ್ಟು, ಮಂಚ ಹಾಕಿದರೆ ಬೀರುವಿಗೆ ಜಾಗವಿಲ್ಲದ ದುಂಡು ಕೋಣೆಗಳು. ಮುಂದೆ ಜನ ಹೀಗೇ ಬದುಕುತ್ತಾರೆಂದು ಎದೆ ತಟ್ಟಿ ಹೇಳಿದ್ದರು. ಆ ಮುಂದಿನ ಕಾಲವೂ ಬಂತು. ಜನ ಚೌಕ ಕೋಣೆಗಳಲ್ಲೇ ಆರಾಮಾಗಿ ಗೊರಕೆ ಹೊಡೆಯುತ್ತಿದ್ದರು.

ಅಷ್ಟರಲ್ಲಿ ಹೋಟೆಲು ಉಳಿಸಲು ಒಂದು ಸಂಘ ಹುಟ್ಟಿಕೊಂಡಿತು. ಅದರ ಕಾರ್ಯದರ್ಶಿ, ಕನ್ನಡಕದ ತರುಣಿ, ಭಾಷಣಕ್ಕೆ ಕರೆಯಲು ಮನೆಗೇ ಬಂದಳು.

"ಹೋಗ್ಬೇಡಿ, ನಿಮ್ಮ ನಾಲಿಗೆ ಸುಮ್ಮನಿರಲ್ಲ" ಎಂದರು ಹೆಂಡತಿ. ಆದರೂ ಅವರು ಹೋದರು.

"ಕೆಡವಿಬಿಡಿ ಇದನ್ನ," ಎಂದು ಹೋಟೆಲಿನ ಮುಂದೆ ಸೇರಿದ ಸಭೆಯಲ್ಲಿ ಮೈಕಿನಲ್ಲೇ ಹೇಳಿದರು. "ಬಿಸಿಲಾದ್ರೆ ಒಳಗಿರೋರು ಬೇಯ್ತಾರೆ, ಮಳೆ ಬಂದ್ರೆ ಬಕೆಟ್ ಇಡ್ಬೇಕು."

"ಆ ವಾಲಿದ ಕಂಬಗಳು ಸಾರ್? ಭೂಮಿಯ ಹಂಗು ಹರಿದ ಮನುಷ್ಯನ ಜಿಗಿತ ಅಲ್ವಾ ಅದು?" ಎಂದು ಕೇಳಿದಳು ಕಾರ್ಯದರ್ಶಿ.

"ಜಿಗಿತಾನೂ ಇಲ್ಲ, ಮಣ್ಣಾಂಗಟ್ಟಿನೂ ಇಲ್ಲ. ಕಾರಲ್ಲಿ ಹೋಗೋರ ಕಣ್ಣು ಕುಕ್ಕಲಿ ಅಂತ ಮಾಲೀಕ ಅಂದ, ವಾಲಿಸಿದೆ."

ಅವಳು ಮೆಲ್ಲಗೆ ಮೈಕು ಕಸಿದುಕೊಂಡಳು. "ನೋಡಿ, ದೊಡ್ಡ ಕಲಾವಿದರಿಗೆ ತಮ್ಮ ಕೆಲಸದ ಬೆಲೆ ತಮಗೇ ಗೊತ್ತಿರಲ್ಲ!"

ಚಪ್ಪಾಳೆಯೋ ಚಪ್ಪಾಳೆ. ಅವರು ಬೈದಷ್ಟೂ ಜನಕ್ಕೆ ಅದು ವಿನಯವಾಗಿಯೇ ಕಂಡಿತು. ಮರುದಿನದ ಪತ್ರಿಕೆಯೂ ಹಾಗೇ ಬರೆಯಿತು. ಕಟ್ಟಡ ಉಳಿಯಿತು.

ಹೋಟೆಲು ಮತ್ತೆ ಬಾಗಿಲು ತೆರೆದ ದಿನ ದಂಪತಿಯನ್ನು ಗಾಜಿನ ಚಾವಣಿಯ ಕೆಳಗೆ ನಟ್ಟನಡುವೆ ಕೂರಿಸಿದರು. ಬಿಸಿಲು ನೆತ್ತಿ ಸುಡುತ್ತಿತ್ತು. ಕಾರ್ಯದರ್ಶಿ ಆಹ್ವಾನ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಲೇ ಬೆಳಕಿನ ಸೌಂದರ್ಯವನ್ನು ಬಣ್ಣಿಸಿದಳು.

"ಬೆವರೊರೆಸ್ಕೊಳ್ಳಿ, ಫೋಟೋ ತೆಗೀತಿದಾರೆ" ಎಂದರು ಹೆಂಡತಿ.

ಇವರಿಗೆಲ್ಲ ಕಣ್ಣಿಲ್ಲದಿದ್ದರೆ ಹೋಗಲಿ, ಚರ್ಮವೂ ಇಲ್ಲವೇ ಎಂದು ವಾಸ್ತುಶಿಲ್ಪಿ ಒಳಗೇ ಕುದಿಯುತ್ತಿದ್ದಾಗ, ಬೇರೊಂದು ರೆಸಾರ್ಟಿನ ಮಾಲೀಕ ಹಲ್ಲು ಕಿರಿಯುತ್ತ ಬಂದ.

"ನನಗೂ ಇಂಥದ್ದೇ ಒಂದು ಬೇಕು ಸಾರ್. ಹಳೇ ಕಾಲದ ಭವಿಷ್ಯ ಇರುತ್ತಲ್ಲ, ಆ ಥರ."

ಮುಖಕ್ಕೆ ಹೊಡೆದಂಥ ಉತ್ತರ ಕೊಡಬೇಕೆಂದೇ ಅವರು ಎದ್ದುನಿಂತರು. ಸುತ್ತ ಎಲ್ಲರೂ ಅವರನ್ನೇ ನೋಡುತ್ತಿದ್ದರು. ಎಷ್ಟೋ ವರ್ಷಗಳಿಂದ ಯಾರೂ ಅವರನ್ನು ಹಾಗೆ ನೋಡಿರಲಿಲ್ಲ.

"ಎಷ್ಟು ದುಂಡಗಿರ್ಬೇಕು?" ಎಂದರು.

ಆ ಮಾತಿಗೆ ಅವರಿಗೇ ಹೇಸಿಗೆಯಾಯಿತು. ಆದರೂ ಕೈ ಆಗಲೇ ಪೆನ್ನಿಗಾಗಿ ಜೇಬು ತಡಕುತ್ತಿತ್ತು. ಹೆಂಡತಿ ತಮ್ಮ ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ, ಕಂಬದ ನೆರಳಲ್ಲಿ ಅವರಿಗೆ ಬೆನ್ನು ಹಾಕಿ ಕುಳಿತರು.