ಮಿರಗಕ್ಕೆ ಮೊದಲು ಚೊಗಚಿ

ಹೋಳಿ ಮುಗಿದು ನಾಲ್ಕೇ ದಿನವಾಗಿತ್ತು. ಸುರಪುರದ ಕೆರೆಯ ಕೆಳಗೆ ಸಸಿಗಳ ತೋಟ ಇಟ್ಟುಕೊಂಡಿದ್ದ ಮಲ್ಲಿಕಮ್ಮನ ಹತ್ತಿರ, ಬೀಗನಾಗಬೇಕಿದ್ದ ಅಂಬ್ರಪ್ಪ ಬಂದು ಇಪ್ಪತ್ತು ಚೊಗಚಿ ಗಿಡ, ಬೇಗ ಎತ್ತರಕ್ಕೇಳುವ ಅಗಸೆಮರದ ಸಸಿ, ಕೇಳಿದ.

“ಎತ್ತರಾನ್ವು ಬೇಕು ನೋಡಕ್ಕ. ಆಳೆತ್ತರ.”

“ಈ ಬಿಸಲಾಗ ಯಾರರೆ ಗಿಡ ಹಚ್ತಾರೇನ್ರಿ ಬೀಗ್ರ? ಮುಂಗಾರು ಹಿಡದು ಮಿರಗದ ಮಳಿ ಬರ್ಲಿ.”

“ಮದವಿ ಮಿರಗದ ತನಕ ನಿಂದರ್ತದೇನು? ಅದಕ್ಕೂ ಮೊದ್ಲ ಅಡ್ಡ ಮರಿ, ಪರದಿ ಆಗಬೇಕು.”

“ಯಾರಿಗಿ ಮರಿ?”

ಅಂಬ್ರಪ್ಪ ನಕ್ಕ. “ಸೊಸಿ ಬರಾಕಿ. ಬಯಲಾಗಿನ ಮನಿ. ದಾರ್ಯಾಗಿನ ಮಂದಿ ನೋಡ್ತಾರ.”

ಮರೆಗೆಂದು ಗಿಡ ಕೇಳುವವರು ಮಲ್ಲಿಕಮ್ಮನಿಗೆ ಹೊಸಬರಲ್ಲ. ಕಚೇರಿಯ ಸಾಹೇಬರ ಮನೆಗಳಿಗೆ ಪರದೆಗೆಂದು ಮೆಹಂದಿ ಬೇಲಿ ಹಚ್ಚಿಕೊಟ್ಟಿದ್ದಳು. ಹೊಲದ ನಡುವೆ ಇರುವ ರೈತನ ಮನೆಗೆ ಎಂಥ ಪರದೆ? ಅಂಬ್ರಪ್ಪನವರು ಹೊಳೆಯಾಚೆಯಿಂದ ಬಂದು ದೇವಾಪುರದಲ್ಲಿ ನೆಲೆ ನಿಂತು ಎರಡು ವರ್ಷ. ಅವರ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಮನೆ ನೋಡಲು ಹೋಗಿದ್ದ ಮೈದುನ ಅಂಗಳದಲ್ಲೇ ಚಹಾ ಕುಡಿದು ಎದ್ದು ಬಂದಿದ್ದ. ಗಂಡ ಸತ್ತ ಮೇಲೆ ನೀರು ಹೊತ್ತು ಬೆಳೆಸಿದ ಒಬ್ಬಳೇ ಮಗಳು ಮೌನಮ್ಮನನ್ನು ಆ ಮನೆಗೆ ಕೊಡುವ ಮಾತಾಗಿತ್ತು.

“ನಾನೇ ಬಂದು ಹಚ್ಚಿ ಕೊಡ್ತೇನಿ,” ಎಂದಳು.

“ಬ್ಯಾಡ, ಬ್ಯಾಡ! ಮದವಿಗಿ ಮೊದ್ಲ ಹೆಣ್ಣಿನ ತಾಯಿ ಬಂದ್ರ ಮಂದಿ ನಗ್ತಾರ. ಬಂಡಿ ಕಳಸ್ತೇನಿ.”

ಆ ಎರಡನೆಯ ‘ಬ್ಯಾಡ’ ಅವಳಿಗೆ ಸೇರಲಿಲ್ಲ. ಮರುದಿನ ಬಂಡಿ ಬಂದಾಗ ಸಸಿಗಳ ಜೊತೆ ತಾನೂ ಹತ್ತಿ ಕೂತಳು.

ದೇವಾಪುರದಲ್ಲಿ ಗುಂಡಿ ತೋಡಿ ಇಟ್ಟಿದ್ದರು. ದಾರಿಯ ಕಡೆ ಒಂದೂ ಇರಲಿಲ್ಲ. ಇಪ್ಪತ್ತೂ ಗುಂಡಿ ಮನೆಗೂ ಹಿತ್ತಲಿನ ಗುಡಿಸಲಿಗೂ ನಡುವೆ.

“ಗುಡಸಲದಾಗ ಏನದ್ರಿ?”

“ಮೇವು,” ಎಂದ ಅಂಬ್ರಪ್ಪ, ಅವಳ ಮುಖ ನೋಡದೆ.

ಮಲ್ಲಿಕಮ್ಮ ಒಂದು ಗಿಡ ಇಳಿಸಿದಳು. “ದಿನಾ ಎರಡು ಹೊತ್ತು ನೀರು ಬೇಕು ಇವಕ್ಕ. ಯಾರು ಹಾಕಾವ್ರು?”

“ನಾ ಹಾಕ್ತೇನ್ರಿ.” ಗುಡಿಸಲೊಳಗಿಂದ ಹೆಣ್ಣುದನಿ ಬಂತು.

ಕೊಡ ಹಿಡಿದು ಹೊರಬಂದವಳಿಗೆ ಇಪ್ಪತ್ತೈದು ದಾಟಿರಲಿಲ್ಲ. ಕೊರಳಲ್ಲಿ ತಾಳಿ ಇತ್ತು.

“ಯಾರವ್ವ ನೀನು?”

“ಲಾಲಮ್ಮ. ಈ ಮನಿ ಸೊಸಿ.”

ಮಲ್ಲಿಕಮ್ಮ ಅಂಬ್ರಪ್ಪನ ಕಡೆ ತಿರುಗಿದಳು. “ನಿಮಗ ಒಬ್ಬನ ಮಗ ಅಂದಿದ್ರಿ, ಹೌದಿಲ್ಲೋ?”

“ಏಳು ವರ್ಷಾತು, ಕೂಸಾಗ್ಲಿಲ್ಲ ಅಕಿಗಿ. ನಿನ್ನ ಮಗಳಿಗಿ ಏನ್ ಕಮ್ಮಿ ಮಾಡ್ತೇವಕ್ಕ? ಇಕಿ ಮಾರಿ ಸೈತ ಕಾಣಬಾರ್ದಂತ ಅಲ್ಲೇನು ಈ ಗಿಡ!”

“ಯಾವಾಗ ಹೇಳಾವ್ರಿದ್ರಿ? ಚೊಗಚಿ ಹೂ ಬಿಟ್ಟ ಮ್ಯಾಲೇನು?” ಬಂಡಿಯವನಿಗೆ ಕೈ ಮಾಡಿದಳು. “ಇಳಸಬ್ಯಾಡಪ್ಪ. ಬಂಡಿ ಹೊಳ್ಳಸು.”

“ಕೊಟ್ಟ ಮಾತು ವಾಪಸ್ ತಗೋತೀಯೇನು?”

“ಮಗಳ್ನ ಕೊಟ್ಟ ಮ್ಯಾಲ ವಾಪಸ್ ತಗೊಳ್ಳಾಕ ಬರಂಗಿಲ್ಲ. ಅದಕ್ಕ ಮಾತ ತಗೊಂಡು ಹೊಂಟೇನಿ.”

ಲಾಲಮ್ಮ ಬಂಡಿಯ ಹತ್ತಿರ ಬಂದಳು. “ಯವ್ವಾ, ಇಳಿಸಿದ್ದೊಂದು ಇರ್ಲಿ ಬಿಡ್ರಿ. ಮಧ್ಯಾಹ್ನ ಬಾಗಲದಾಗ ಕೂಡಾಕ ಆಗಂಗಿಲ್ಲ ಬಿಸಲಿಗಿ.”

ಮಲ್ಲಿಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ತೋಡಿದ್ದ ಗುಂಡಿಗಳನ್ನೆಲ್ಲ ಬಿಟ್ಟು ಗುಡಿಸಲ ಬಾಗಿಲಿನ ಪಡುವಣಕ್ಕೆ ಹೊಸ ಗುಂಡಿ ತೋಡತೊಡಗಿದಳು. ಅಂಬ್ರಪ್ಪ ಏನೋ ಕೂಗುತ್ತಿದ್ದ. ಲಾಲಮ್ಮ ನೀರಿಗೆ ಹೋದಳು.